ಇಪ್ಪತ್ತು ಅಡಿಯ ಕೊಠಡಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ನನಗೆ ಹೊರಗಿನ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು ಅರವತ್ತರ ದಶಕದ ನಡುವಿನಲ್ಲಿ. ಮೊದಲು ಒಪ್ಪಿಕೊಂಡದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯ ಶಾಲೆ. ಒಂದೇ ಕೊಠಡಿ, ಕಲ್ಲಿನ ಗೋಡೆ, ಹೆಂಚಿನ ಮಾಡು. ಅಲ್ಲಿನ ಪಂಚಾಯಿತಿ ಅಧ್ಯಕ್ಷರು ತರೀಕೆರೆಯಲ್ಲಿದ್ದ ನಮ್ಮ ತಂದೆಗೆ ಪರಿಚಿತರು. ಶಾಲೆ ಸರಿಹೋದರೆ ಊರಿನ ಆಸ್ಪತ್ರೆಯ ನಕ್ಷೆಯನ್ನೂ ನನ್ನಿಂದಲೇ ಬರೆಸುವುದಾಗಿ ಹೇಳಿದ್ದರು. ಹೆಂಗಸು ಬರೆದ ನಕ್ಷೆಯನ್ನು ನಂಬಿ ಕಟ್ಟಿಸುವವರು ಆಗ ಹೆಚ್ಚಿರಲಿಲ್ಲ. ಆ ಆಸ್ಪತ್ರೆ ನನಗೆ ಬೇಕಿತ್ತು.

ಒಂದು ಭಾನುವಾರ ಕೆಲಸ ನೋಡಲು ಹೋದಾಗ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಒಳಗೆ ಟೇಪು ಹಿಡಿದು ಉದ್ದ ಅಳೆದೆ. ಹದಿನೇಳು ಅಡಿ. ಮತ್ತೊಮ್ಮೆ ಅಳೆದೆ. ನಕ್ಷೆಯಲ್ಲಿದ್ದದ್ದು ಇಪ್ಪತ್ತು.

ಪಕ್ಕದಲ್ಲಿ ನಿಂತು ಟೇಪನ್ನೇ ನೋಡುತ್ತಿದ್ದ ಅಧ್ಯಕ್ಷರು ಮೇಸ್ತ್ರಿಯನ್ನು ಕೂಗಿದರು.

"ಏನ್ಲಾ, ಮೂರಡಿ ಎಲ್ಲೋಯ್ತು? ನಿನ್ ಎಲೆಅಡಿಕೆ ಚೀಲ್ದಾಗ್ ಹಾಕ್ಕಂಡಿದೀಯಾ?"

ಕಲ್ಲು ಹೊರುತ್ತಿದ್ದವರು ನಕ್ಕರು. ವಯಸ್ಸಾದ ಮೇಸ್ತ್ರಿ ನಗಲಿಲ್ಲ.

"ಹೊರಗ್ನಿಂದ ಹಿಡೀರಿ ಸ್ವಾಮಿ, ಇಪ್ಪತ್ತೇ ಐತೆ. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇ ಅಳೆಯೋದು."

"ನಿಮ್ಮಪ್ಪ ನಕ್ಷೆ ಓದಿದ್ನೇನೋ? ನಾಳೆಯಿಂದ ಬರ್ಬೇಡ. ಕಡೂರಿಂದ ಬೇರೆಯವ್ನ ಕರುಸ್ತೀನಿ."

ಮೇಸ್ತ್ರಿ ಹೇಳಿದ್ದು ನಿಜ. ಆ ಕಡೆ ಕಲ್ಲುಗೋಡೆ ಕಟ್ಟುವವರಿಗೆ ಮನೆಯ ಅಳತೆಯೆಂದರೆ ಗೋಡೆಯ ಹೊರಮೈಯಿಂದ ಹೊರಮೈಗೆ. ಎರಡು ಕಡೆಯ ಗೋಡೆಗಳ ದಪ್ಪ ಸೇರಿದರೇ ಮೂರು ಅಡಿ. ನಾನು ಬರೆದದ್ದು ಮಕ್ಕಳು ಕೂರುವ ಜಾಗದ ಅಳತೆ; ಆದರೆ ಅದು ಒಳ ಅಳತೆಯೆಂದು ನಕ್ಷೆಯಲ್ಲಿ ಎಲ್ಲಿಯೂ ಗುರುತು ಮಾಡಿರಲಿಲ್ಲ. ಅದೇ ವಾರ, ಅದೇ ತಪ್ಪಿಗೆ, ಒಬ್ಬ ವಿದ್ಯಾರ್ಥಿಯ ಹಾಳೆಯನ್ನು ಇಡೀ ತರಗತಿಯ ಎದುರು ಹಿಂತಿರುಗಿಸಿದ್ದೆ.

ಸುಮ್ಮನಿದ್ದರೂ ಆಗುತ್ತಿತ್ತು. ನಕ್ಷೆಯಲ್ಲಿ ಇಂಥ ಲೋಪ ಹುಡುಕಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಆಗಲೇ ಗೋಡೆಯ ನೇರ ನೋಡುವ ತನ್ನ ತೂಕದ ಗುಂಡಿಗೆ ದಾರ ಸುತ್ತತೊಡಗಿದ್ದ. ಸುತ್ತಿ ಮುಗಿಯುವವರೆಗೂ ನನ್ನ ಬಾಯಿ ಏಳಲಿಲ್ಲ.

"ತಪ್ಪು ಮೇಸ್ತ್ರಿಯವರದಲ್ಲ," ಎಂದೆ. "ನನ್ನದು. ಒಳ ಅಳತೆ ಅಂತ ನಾನು ಬರೆದಿಲ್ಲ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಕಾಲೇಜಲ್ಲಿ ಹುಡುಗ್ರಿಗೆ ಪಾಠ ಹೇಳೋರು ನೀವು."

"ಹೌದು."

ಅವರು ಗೋಡೆಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಮೇಸ್ತ್ರಿಗೆ, "ಅಗಲ ಹಂಗೇ ಇರ್ಲಿ, ಈ ಕಡೆ ಗೋಡೆ ಬಿಚ್ಚು ಕಣಪ್ಪ, ಮೂರಡಿ ಆಚೆಗ್ ಕಟ್ಟು," ಎಂದರು. ನನಗೆ ಮೆಲ್ಲಗೆ, "ಆಸ್ಪತ್ರೇದು ಬಿಡಿ ತಾಯಿ. ಬೇರೆ ಯಾರನ್ನಾದ್ರೂ ನೋಡ್ತೀವಿ," ಎಂದರು. ಕೋಪದಿಂದ ಹೇಳಿದ್ದರೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಮೇಸ್ತ್ರಿ ನನ್ನತ್ತ ನೋಡಲಿಲ್ಲ. ಒಂದೊಂದು ಕಲ್ಲಿಗೂ ಎರಡೆರಡು ಸಲ ನಿಂತು ಯೋಚಿಸಿ ಕಟ್ಟಿದ ಗೋಡೆ ಅದು. ಅವನೇ ಮೇಲೇರಿ ಮೊದಲ ಕಲ್ಲನ್ನು ಸಡಿಲಿಸಿ ಕೆಳಗಿನವರ ಕೈಗೆ ಕೊಟ್ಟ.

ಮಳೆಗಾಲಕ್ಕೆ ಮುಂಚೆ ಶಾಲೆ ಮುಗಿಯಿತೆಂದು ತಂದೆ ಪತ್ರ ಬರೆದರು. ನಾನು ಹೋಗಿ ನೋಡಿಲ್ಲ.