ತಿದ್ದುವ ಕೈಗೆ ಬ್ಲ್ಯಾಕ್ ಬೆಲ್ಟ್

ಐವತ್ತೊಂದನೆಯ ವಯಸ್ಸಿನಲ್ಲಿ ಕರಾಟೆಯ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಕೊಟ್ಟ ನಾನು ಒದೆಯುವುದು, ಗುದ್ದುವುದು, ಹಲಗೆ ಒಡೆಯುವುದು ಎಲ್ಲದರಲ್ಲೂ ಪಾಸಾಗಿ ಕೈಬರಹದಲ್ಲಿ ಫೇಲಾದೆ! ಹೊರದೇಶದಲ್ಲಿ ನಾವಿರುವ ಊರು ಪ್ಲಿಮತ್‌ನ ನಮ್ಮ ಕರಾಟೆ ಶಾಲೆಯ ಕಟ್ಟಳೆಯೇ ಹಾಗೆ. ಕೊನೆಗೆ ಕುಂಚ ಹಿಡಿದು ಜಪಾನೀ ಅಕ್ಷರದಲ್ಲಿ ಒಂದು ನಾಣ್ಣುಡಿ ಬರೆಯಬೇಕು. ಹಾಳೆ ಗೋಡೆಗೇರಿದರೆ ಮಾತ್ರ ಬೆಲ್ಟು ಸೊಂಟಕ್ಕೆ.

ನನಗೆ ಬಂದ ನುಡಿ ನಾಲ್ಕೇ ಅಕ್ಷರದ್ದು: ಏಳು ಸಲ ಬಿದ್ದರೆ ಎಂಟು ಸಲ ಏಳು. ಕನ್ನಡದಲ್ಲಿ ಹೇಳಿಕೊಂಡು ಒಬ್ಬಳೇ ನಕ್ಕೆ. ನಮ್ಮಲ್ಲಿ ಆ ಸಂಖ್ಯೆಯೇ ಎದ್ದೇಳು ಅನ್ನುತ್ತದಲ್ಲ! ಆ ಜೋಕನ್ನು ಅಲ್ಲಿ ಯಾರಿಗೆ ಹೇಳಲಿ?

ಮೊದಲ ಅಕ್ಷರವೇ 'ಏಳು'. ಅಡ್ಡಕ್ಕೊಂದು ಗೆರೆ, ಕೆಳಗಿಳಿದು ಬಾಗುವ ಇನ್ನೊಂದು. ಅಡ್ಡಗೆರೆಯ ತುದಿ ಸಣಕಲಾಯಿತು. ಕೈ ತಡೆಯಲಿಲ್ಲ, ಮತ್ತೊಮ್ಮೆ ಕುಂಚ ಆಡಿಸಿ ದಪ್ಪ ಮಾಡಿದೆ. ಎಪ್ಪತ್ತು ದಾಟಿದ ನಮ್ಮ ಜಪಾನೀ ಗುರುಗಳು ಹಾಳೆಯನ್ನು ಮೆಲ್ಲಗೆ ಮಡಚಿದರು. "ನೋ ಫಿಕ್ಸಿಂಗ್. ನೆಕ್ಸ್ಟ್ ಮಂತ್," ಎಂದರು ಆಕೆ.

ಮೈಯೆಲ್ಲ ಉರಿಯಿತು. ಸ್ಲೇಟಿನ ಮೇಲೆ ಅ ಆ ಇ ಈ ಬರೆದವಳಲ್ಲ ನಾನು, ತಿದ್ದಿದವಳು. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ಬಳಪ ಸವೆಯುವವರೆಗೆ ತಿದ್ದಿ ತಿದ್ದಿ, ಅದನ್ನು ಕುಂಬಳಕಾಯಿಯಷ್ಟು ದಪ್ಪ ಮಾಡಿದವಳು. ಈಗ ತಿದ್ದಬೇಡ ಅಂದರೆ? ಗಂಡ ಬೇರೆ ಗಾಯಕ್ಕೆ ಉಪ್ಪು ಸವರಿದ: "ನೀನು ತಿದ್ದದೆ ಬಿಟ್ಟಿರೋದು ಈ ಮನೇಲಿ ಏನಿದೆ ಹೇಳು?"

ಅಂಗಡಿಗಳಿಂದ ಬರುವ ಜಾಹೀರಾತು ಕಾಗದವನ್ನೆಲ್ಲ ಅಡುಗೆಕಟ್ಟೆ ಮೇಲೆ ಹರಡಿ ಅಭ್ಯಾಸ ಮಾಡಿದೆ. ಎರಡನೇ ತಿಂಗಳೂ ಕೈ ತಿದ್ದಿಬಿಟ್ಟಿತು, ಗುರುಗಳು ಹಾಳೆ ಮಡಚಿದರು. ಹಟ ಬಿಡಲಿಲ್ಲ.

ಮೂರನೇ ಸಲ ಮಗಳು ಡ್ರೈವ್ ಮಾಡಿ ಕರೆದೊಯ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಕುಂಚ ಅದ್ದಿ ಎಳೆದೆ. ಗೆರೆ ನಡುವೆ ನಡುಗಿತು. ನಡುಗಲಿ ಎಂದು ಮುಂದಿನದಕ್ಕೆ ಹೋದೆ. ನಾಲ್ಕೂ ಅಕ್ಷರ ಮುಗಿದ ಮೇಲೆ ಕುಂಚ ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಆ ಕೈಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

ಗುರುಗಳು ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಾವೇ ಸ್ಟೂಲು ಹತ್ತಿ, ನಡುಗಿದ ಗೆರೆಯ ಸಮೇತ ಹಾಳೆಯನ್ನು ಗೋಡೆಗೆ ಅಂಟಿಸಿದರು. ಬೆಲ್ಟು ಕಟ್ಟಿಸಿಕೊಳ್ಳುವಾಗ ಕುಣಿಯಬೇಕೆನ್ನುವಷ್ಟು ಖುಷಿ ನನಗೆ. ಮಗಳು ಓಡಿ ಬಂದು ತಬ್ಬಿಕೊಂಡು, ಅಷ್ಟೂ ಜನರ ಮುಂದೆ ಕನ್ನಡದಲ್ಲಿ ಕೂಗಿದಳು: "ಅಮ್ಮ ಗೆದ್ತು! ಅಮ್ಮ ಗೆದ್ತು!"

'ಗೆದ್ದಳು' ಅನ್ನೋದು ನಾಲಿಗೆಯ ತುದಿಗೆ ಬಂದಿತ್ತು. "ಹೌದು ಪುಟ್ಟಾ," ಅಂದೆ, "ಅಮ್ಮ ಗೆದ್ತು."