ಶುಭಂ ಬರುವ ಮುಂಚೆ ಹೋದ ಕರೆಂಟು

ಸಂಸಾರದ ಸಿನಿಮಾ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ಈಗ ಅವನ್ನು ನೋಡಲು ಕೂತರೆ ಅರ್ಧ ಗಂಟೆಗೆಲ್ಲ ನನಗೆ ಆಕಳಿಕೆ ಬರುತ್ತದೆ. ಅಣ್ಣ ಒಳ್ಳೆಯವನು, ತಮ್ಮ ಮುಗ್ಧ, ಅತ್ತಿಗೆಯ ತವರಿನಿಂದ ಬಂದು ಠಿಕಾಣಿ ಹೂಡಿದವನೊಬ್ಬ ಕಿವಿ ಊದುತ್ತಾನೆ, ಮನೆ ಪಾಲಾಗುತ್ತದೆ, ಕೊನೆಯ ಹತ್ತು ನಿಮಿಷದಲ್ಲಿ ಎಲ್ಲರಿಗೂ ಒಟ್ಟಿಗೇ ಬುದ್ಧಿ ಬರುತ್ತದೆ. ಆಮೇಲೆ ಮನೆಮಂದಿಯೆಲ್ಲ ಹೊಸ್ತಿಲ ಮುಂದೆ ಸಾಲಾಗಿ ನಿಂತು ನಕ್ಕರೆ ಶುಭಂ. ಹತ್ತನೇ ವಯಸ್ಸಿಗೇ ಇಂಥವನ್ನು ಲೆಕ್ಕವಿಲ್ಲದಷ್ಟು ನೋಡಿದ್ದೆ. ಸಿನಿಮಾ ಎಲ್ಲಿ ನಿಂತರೂ ಅಲ್ಲಿಂದ ಮುಂದಿನದನ್ನು ಹೇಳಬಲ್ಲೆ ಅನ್ನುವ ಸೊಕ್ಕು ನನಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಗಾವಡಗೆರೆ ಹೋಬಳಿಯ ನಮ್ಮ ಊರಿನಲ್ಲಿ ಟಿವಿ ಇದ್ದದ್ದು ನಾಲ್ಕೈದು ಮನೆಗಳಲ್ಲಿ, ಅದರಲ್ಲಿ ನಮ್ಮದೂ ಒಂದು. ಭಾನುವಾರ ಸಂಜೆ ನಾಲ್ಕಕ್ಕೆ ಕನ್ನಡ ಸಿನಿಮಾ. ಮೂರೂವರೆಗೇ ಅರ್ಧ ಬೀದಿ ನಮ್ಮ ನಡುಮನೆಯಲ್ಲಿ ಇರುತ್ತಿತ್ತು. ಇಲ್ಲದಿರುತ್ತಿದ್ದವನು ಅಪ್ಪ ಒಬ್ಬನೇ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹಸಿ ಸೊಪ್ಪನ್ನು ಬ್ಯಾರನ್ ಅನ್ನುವ ಎತ್ತರದ ಕಟ್ಟಡದೊಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡುತ್ತಾ ಐದಾರು ದಿನ ಬೇಯಿಸಬೇಕು. ಬಿಸಿ ಕಮ್ಮಿಯಾದರೆ ಸೊಪ್ಪು ಕೆಡುತ್ತದೆ, ಜಾಸ್ತಿಯಾದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಯಿಸುವ ದಿನಗಳಲ್ಲಿ ಅಪ್ಪ ಒಲೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಊರಿನಲ್ಲಿ ಅವನಷ್ಟು ಸಿನಿಮಾ ಹುಚ್ಚಿನವನು ಇನ್ನೊಬ್ಬನಿರಲಿಲ್ಲ.

ಅದಕ್ಕೇ ನಾನಿದ್ದೆ. ಜಾಹೀರಾತು ಶುರುವಾದ ತಕ್ಷಣ ಹಿತ್ತಲು ದಾಟಿ ಬ್ಯಾರನ್ ಹತ್ತಿರ ಓಡಿ, ಅಲ್ಲಿಯವರೆಗಿನ ಕತೆಯನ್ನು ಒಂದೇ ಉಸಿರಿಗೆ ಹೇಳಿ, ವಾಪಸ್ಸು ಓಡಿಬರುವುದು. ಖಳನ ದನಿ, ಅತ್ತೆಯ ಕೊಂಕು, ಎಲ್ಲ ಮಾಡಿ ತೋರಿಸುತ್ತಿದ್ದೆ. ಅಪ್ಪ ಬೆಂಕಿಯ ಕಡೆ ಮುಖ ಮಾಡಿಕೊಂಡೇ ಕೇಳುತ್ತಿದ್ದ. ಹಾಡು ಬಿಟ್ಟರೆ ಮಾತ್ರ ಒಪ್ಪುತ್ತಿರಲಿಲ್ಲ. "ಆಡು ಇರ್ಲಿಲ್ವಾ? ಇಷ್ಟೊತ್ತಾದ್ರೂ ಒಂದ್ ಆಡೂ ಬರ್ಲಿಲ್ವಾ?" ಅನ್ನುತ್ತಿದ್ದ.

ಇಲ್ಲಿ ನನ್ನ ಚಿಕ್ಕಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಒಬ್ಬನೇ ತಮ್ಮ. ಮನೆ ಪಾಲಾಗುವ ದಿನ ಊರ ಯಜಮಾನರ ಮುಂದೆ ಅಪ್ಪ, "ಇವ್ನು ಕೂತ್ಕೊಂಡು ಉಂಡವ್ನು" ಅಂದುಬಿಟ್ಟ. ಚಿಕ್ಕಪ್ಪ ಎದ್ದು ನಿಂತು, "ಇನ್ನು ನಿನ್ ಮನೇಲಿ ನೀರೂ ಮುಟ್ಟಾಕಿಲ್ಲ" ಅಂದ. ಎರಡು ವರ್ಷ ಮಾತಿಲ್ಲ. ಜಮೀನು ಹರಿದು ಹಂಚಿಕೊಂಡರು, ಬ್ಯಾರನ್ ಹರಿಯಲಾಗುವುದಿಲ್ಲವಲ್ಲ. ಒಂದು ವಾರ ನಮ್ಮ ಸೊಪ್ಪು, ಮುಂದಿನ ವಾರ ಅವರದು. "ಬ್ಯಾರನ್ ನಾಳೆ ಖಾಲಿ ಆಯ್ತದೆ ಅಂತ ಏಳವ್ವ" ಎಂದು ಅಪ್ಪ ನನ್ನ ಕೈಲಿ ಹೇಳಿಸುತ್ತಿದ್ದ. ಚಿಕ್ಕಪ್ಪ ಅಲ್ಲೇ ನಾಲ್ಕು ಮಾರು ದೂರದಲ್ಲಿ ಸೌದೆ ಸೀಳುತ್ತಾ ನಿಂತಿರುತ್ತಿದ್ದ. ನಾನು ಗಂಭೀರವಾಗಿ ನಡೆದುಹೋಗಿ, ಅವನು ಆಗಲೇ ಕೇಳಿಸಿಕೊಂಡಿದ್ದನ್ನು ಇನ್ನೊಮ್ಮೆ ಹೇಳಿ ಬರುತ್ತಿದ್ದೆ. ದೊಡ್ಡವರ ಮೇಲೆ ನನಗಿದ್ದ ಗೌರವ ಕಮ್ಮಿಯಾದದ್ದು ಆಗಲೇ.

ಆ ಭಾನುವಾರದ ಸಿನಿಮಾದಲ್ಲೂ ಅಣ್ಣತಮ್ಮಂದಿರು, ಪಾಲು, ಜಗಳ. ಮೊದಲ ಸಲ ಹೇಳಿದಾಗ ಅಪ್ಪ ನಕ್ಕ. "ಯಾರೋ ನಮ್ಮೂರ್ ಕಡೆಯವ್ನೇ ಬರ್ದಿರ್ಬೇಕು ಕಣವ್ವ" ಅಂದ. ಎರಡನೆಯ ಸಲ ನಗಲಿಲ್ಲ, ಹಾಡನ್ನೂ ಕೇಳಲಿಲ್ಲ. ಸಿನಿಮಾದಲ್ಲಿ ಬೇರೆ ಹೋದ ತಮ್ಮ ಕಾಯಿಲೆ ಬಿದ್ದಿದ್ದಾನೆ, ಅಣ್ಣನಿಗೆ ಸುದ್ದಿ ಮುಟ್ಟಿದೆ, ಅಣ್ಣ ಮನೆಯಿಂದ ಹೊರಟ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಅರ್ಧ ಬೀದಿ ಕರೆಂಟಿನವರಿಗೆ ಶಾಪ ಹಾಕುತ್ತಾ ಎದ್ದು ಹೋಯಿತು. ನಾನು ಬ್ಯಾರನ್ನಿಗೆ ಹೋದೆ.

"ಆಮೇಲೆ?" ಅಂದ ಅಪ್ಪ, ನಾನಿನ್ನೂ ನಿಂತಿರಲಿಲ್ಲ.

ಕರೆಂಟು ಹೋಯಿತು ಅನ್ನಬಹುದಿತ್ತು. ಆದರೆ ಕತೆಗಾರ್ತಿಯಾಗಿ ನನ್ನ ಮಾನದ ಪ್ರಶ್ನೆ. ಇಂಥ ಸಿನಿಮಾ ಮುಗಿಯುವುದು ಹೇಗೆ ಅಂತ ಗೊತ್ತೇ ಇತ್ತು. "ಅಣ್ಣ ಸೀದಾ ತಮ್ಮನ ಮನೆ ಬಾಗ್ಲಿಗೋಗಿ, ಬಾಪ್ಪ, ನಮ್ಮನೇಲಿ ಉಣ್ಣುವಂತೆ ಅಂತ ಕರ್ದ. ತಮ್ಮ ಎದ್ದು ಬಂದ. ಎಲ್ಲಾರೂ ನಕ್ಕರು. ಶುಭಂ" ಅಂದೆ.

ಅಪ್ಪ ಒಲೆಗೆ ಎರಡು ಕೊರಡು ನೂಕಿದ. "ಬೆಂಕಿ ನೋಡ್ಕಳವ್ವ, ಈಗ್ ಬತ್ತೀನಿ" ಎಂದು ಎದ್ದು ಹೋದ. ಉರಿಯುವ ಒಲೆಯನ್ನು ನನ್ನ ಕೈಗೆ ಬಿಟ್ಟುಹೋಗಿದ್ದು ಅದೇ ಮೊದಲು. ನನಗೆ ಬೆಂಕಿಯದೇ ಭಯವಾಗಿತ್ತು. ಅರ್ಧ ಗಂಟೆಗೆ ಇಬ್ಬರೂ ಒಟ್ಟಿಗೆ ಬಂದರು. ಚಿಕ್ಕಪ್ಪ ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಇಣುಕಿ ಒಳಗಿನ ಥರ್ಮಾಮೀಟರ್ ನೋಡಿ, "ಬಿಸಿ ಇಳ್ದದೆ ಕಣಣ್ಣ" ಎಂದು ತಾನೇ ಸೌದೆ ಹಾಕಿದ. ಆವತ್ತು ನಮ್ಮ ಮನೆಯಲ್ಲೇ ಉಂಡ. ಮುದ್ದೆ ಮುರಿಯುತ್ತಾ ಅಪ್ಪ ಸಿನಿಮಾದ ಹೆಸರು ಹಿಡಿದೇ ಎಲ್ಲರಿಗೂ ಹೇಳಿದ: ಅದರಲ್ಲಿ ಅಣ್ಣ ಹೋಗಿ ಕರೆದನಂತೆ, ಅದಕ್ಕೇ ತಾನೂ ಹಾಗೇ ಹೇಳಿ ಕರೆದೆ ಅಂತ. ಕರೆಂಟು ಹೋದದ್ದು ಆ ಹೊತ್ತಿನಲ್ಲಿ ಅವ್ವನ ನೆನಪಿಗೂ ಬರಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಕತೆಯಿಂದಲೇ ಅಪ್ಪ ಎದ್ದ ಅಂತ ನಾನು ಹೇಳುವುದಿಲ್ಲ. ಅವನಿಗೂ ಒಂದು ನೆಪ ಬೇಕಿತ್ತೇನೋ.

ಮಾರನೆಯ ದಿನ ಸ್ಕೂಲಿನಲ್ಲಿ, ಹುಣಸೂರಿನ ನೆಂಟರ ಮನೆಯಲ್ಲಿ ಪೂರ್ತಿ ಸಿನಿಮಾ ನೋಡಿ ಬಂದಿದ್ದ ಹುಡುಗಿಯೊಬ್ಬಳು ಕತೆ ಹೇಳಿದಳು. ಅಣ್ಣ ಹೋಗುವಷ್ಟರಲ್ಲಿ ತಮ್ಮ ಸತ್ತಿರುತ್ತಾನಂತೆ. ಸಂಸಾರದ ಸಿನಿಮಾ ಮಾಡಿದವರೇ ಹೀಗೆ ಕೈ ಕೊಟ್ಟರೆ ಯಾರನ್ನು ನಂಬುವುದು? ಸುಳ್ಳು ಎಂದು ಗೊತ್ತಾದರೆ ಅಪ್ಪ ಚಿಕ್ಕಪ್ಪ ಮತ್ತೆ ಮಾತು ಬಿಡುತ್ತಾರೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಆಮೇಲಿನ ವರ್ಷಗಳಲ್ಲಿ ಆ ಸಿನಿಮಾ ಟಿವಿಯಲ್ಲಿ ಎರಡು ಸಲ ಬಂತು. ಎರಡು ಸಲವೂ ನಾನು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿ ಇಳಿದೆ. ಚಿತ್ರ ಸರಿಮಾಡು ಎಂದು ನನ್ನನ್ನೇ ಮತ್ತೆ ಹತ್ತಿಸಿದರು. ಕೆಳಗಿನಿಂದ "ಬಂತು, ಬಂತು, ಸಾಕು" ಎಂದು ಕೂಗಿದಾಗ ಇನ್ನೊಂದು ಸುತ್ತು ತಿರುಗಿಸುತ್ತಿದ್ದೆ. ಇವಳ ಕೈಗುಣ ಸರಿಯಿಲ್ಲ ಎಂದು ಬೀದಿಯಲ್ಲಿ ಹೆಸರಾಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ನನಗೆ ಭೇರ್ಯದ ಕಡೆಗೆ ಮದುವೆಯಾಯಿತು. ಊರಿಗೆ ಕೇಬಲ್ ಬಂತು. ಕೇಬಲ್ಲಿಗೆ ತಿರುಗಿಸುವ ಆಂಟೆನಾ ಇಲ್ಲ. ಒಂದು ಮಧ್ಯಾಹ್ನ ತವರಿಗೆ ಬಂದಾಗ ಅಪ್ಪ, ಚಿಕ್ಕಪ್ಪ ಚಾಪೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಟಿವಿಯಲ್ಲಿ ಅದೇ ಸಿನಿಮಾ. ನಾನು ರಿಮೋಟಿಗೆ ಕೈ ಹಾಕಿದೆ.

"ಇರ್ಲಿ ಬುಡವ್ವ, ನೀನು ಬ್ಯಾರನ್ ತಾವ ಏಳಿದ್ ಸಿನಿಮಾ ಅಲ್ವಾ? ಒಂದ್ ಸಲ ಕಣ್ಣಲ್ಲೇ ನೋಡನ" ಅಂದ ಅಪ್ಪ.

ಮದುವೆಯಾಗಿ ಮಗುವಿದ್ದರೂ ಹತ್ತು ವರ್ಷದವಳ ಹಾಗೆ ರಿಮೋಟನ್ನು ಕೆಳಗಿಟ್ಟೆ. ಎದ್ದು ಹೋಗಲೂ ಆಗಲಿಲ್ಲ. ಅಣ್ಣ ತಮ್ಮನ ಬಾಗಿಲಿಗೆ ಬಂದ. ಒಳಗೆ ತಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿದ್ದರು. ಅಪ್ಪ ಕಡಲೆಕಾಯಿ ಬಿಟ್ಟು ನನ್ನ ಕಡೆ ತಿರುಗಿದ.

"ಇದೇನವ್ವ? ತಮ್ಮ ಸತ್ತೋಗವ್ನಲ್ಲ?"

"ಅವತ್ತು ಕರೆಂಟೋಗಿತ್ತು ಕಣಪ್ಪ. ಕೊನೇದು ನಾನೇ ಕಟ್ಟಿ ಏಳಿದ್ದು" ಅಂದೆ. ಇಷ್ಟು ವರ್ಷ ಹೊತ್ತದ್ದು ಒಂದು ಸಾಲಿನಲ್ಲಿ ಮುಗಿದುಹೋದದ್ದಕ್ಕೆ ನನಗೇ ನಾಚಿಕೆಯಾಯಿತು.

ಚಿಕ್ಕಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲಿಂದ್ಲೂ ಇಂಗೇ ಅದು. ನಾನ್ ಮದ್ವೆ ಆದ್ ವರ್ಸ ಉಣ್ಸೂರ್ ಟಾಕೀಸಲ್ಲೇ ನೋಡಿದ್ದೆ" ಅಂದ.

"ಮತ್ತೆ ಅವತ್ತು ನಾನು ಬಾಗ್ಲಲ್ಲಿ ನಿಂತು ಅದ್ರ ಎಸ್ರೇಳಿ ಕರ್ದಾಗ ಯಾಕ್ಲಾ ಬಾಯ್ ಬುಡ್ಲಿಲ್ಲ?"

"ಬಾಯ್ ಬುಟ್ಟಿದ್ರೆ ನೀನು ಅಂಗೇ ತಿರೀಕಂಡು ಒಂಟೋಯ್ತಿದ್ದೆಯಲ್ಲಣ್ಣ."