ತಿಗಣೆಗೆ ಯಾವ ಊರು?

ಇಳಕಲ್ಲಿನ ರಂಜಾನಬಿಗೆ ಐವತ್ತೆರಡು ವರ್ಷ. ಅವಳಿಗೆ ಸ್ವಂತ ಮಗ್ಗವಿಲ್ಲ. ಮಂದಿಯ ಮಗ್ಗಗಳೇ ಅವಳ ಅನ್ನ. ಸೀರೆಯ ಮೈಯ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುವುದು ಅವಳ ಕೆಲಸ. ದಿನಕ್ಕೊಂದು ಮನೆಗೆ ಹೋಗುತ್ತಾಳೆ, ಅವರ ನೆಲದ ಮೇಲೆ ಕೂಡುತ್ತಾಳೆ, ಅವರ ಚಹಾ ಕುಡಿಯುತ್ತಾಳೆ, ಅವರ ಸೊಸೆಯಂದಿರ ತಪ್ಪುಗಳನ್ನು ಎತ್ತಿ ಹೇಳುತ್ತಾಳೆ. ಕೊನೆಯದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಸಂಘದವರು ಪ್ರವಾಸಿಗರಿಗೆ ನೇಕಾರಿಕೆ ತೋರಿಸಲು ಅವಳನ್ನು ಬಾದಾಮಿಗೆ ಕರೆದೊಯ್ದು ಲಾಡ್ಜೊಂದರಲ್ಲಿ ಇಳಿಸಿದರು. ಗೋಡೆಗೆ ಟಿವಿ, ಬಚ್ಚಲಿಗೆ ಬಿಳಿ ಟೈಲ್ಸು, ಮಂಚಕ್ಕೆ ಇಸ್ತ್ರಿ ಮಾಡಿದ ಚಾದರ. ಬೆಳಗಾಗುವುದರೊಳಗೆ ಎರಡೂ ತೋಳುಗಳ ಮೇಲೆ ಸಾಲುಸಾಲು ಕೆಂಪು ಗುಳ್ಳೆ. ಗಾದಿಯ ಹೊಲಿಗೆ ಸರಿಸಿ ನೋಡಿದರೆ ತಿಗಣೆಗಳು ಕುಟುಂಬಸಮೇತ ವಾಸವಾಗಿದ್ದವು.

ಓದಿದ ಪ್ರವಾಸಿಯಾಗಿದ್ದರೆ ಫೋಟೋ ತೆಗೆಯುತ್ತಿದ್ದ, ಒಂದೆರಡನ್ನು ಡಬ್ಬಿಯಲ್ಲಿ ಹಿಡಿಯುತ್ತಿದ್ದ, ದವಾಖಾನೆಯ ಚೀಟಿ ಇಟ್ಟುಕೊಳ್ಳುತ್ತಿದ್ದ. ರಂಜಾನಬಿ ನೇಕಾರರ ಓಣಿಯವಳು. ಅಲ್ಲಿ ತಿಗಣೆಯನ್ನು ಕಂಡವರೇ ಕೊಲ್ಲಬೇಕು. ಒಂದು ಮಗ್ಗಕ್ಕೆ ಹತ್ತಿತೆಂದರೆ ಓಣಿಗೇ ಹತ್ತಿದಂತೆ. ಅವಳು ಅಡುಗೆಮನೆಯಿಂದ ಕುದಿಯುವ ನೀರು ತರಿಸಿ ಮಂಚದ ಸಂದುಗಳಿಗೆ ಸುರಿದಳು, ಗಾದಿಯನ್ನು ಮಾಳಿಗೆಗೆ ಹೊತ್ತು ಬಿಸಿಲಿಗೆ ಹಾಕಿದಳು, ಕೋಣೆ ಗುಡಿಸಿದಳು. ಹೊರಡುವಾಗ ಮ್ಯಾನೇಜರ ಶ್ರೀಶೈಲನಿಗೆ, ಇನ್ನು ಧೈರ್ಯವಾಗಿ ಯಾರನ್ನಾದರೂ ಮಲಗಿಸು ಎಂದು ಭರವಸೆಯನ್ನೂ ಕೊಟ್ಟಳು. ಹೀಗೆ ಸಾಕ್ಷ್ಯವನ್ನೆಲ್ಲ ಕೈಯಾರೆ ನಾಶಮಾಡಿ ಊರಿಗೆ ಬಂದು, ತನ್ನ ಬಟ್ಟೆಬರೆಯನ್ನೂ ಬಾಗಿಲಾಚೆಯೇ ಕುದಿಸಿದಳು.

ಉಳಿದದ್ದು ಗುಳ್ಳೆ ಮಾತ್ರ. ನಾಲ್ಕು ಮಗ್ಗಗಳ ಒಡತಿ ಸುಂದರವ್ವ ಅವನ್ನು ನೋಡಿ ತಲೆಬಾಗಿಲಲ್ಲೇ ತಡೆದಳು.

"ಏನಬೇ ಅದು ತೋಳಿಗೆ?"

"ತಗಣಿ ಕಡದಾವ ಸುಂದರಕ್ಕಾ. ಬಾದಾಮಿ ಲಾಡ್ಜಿನ್ವು."

"ಟೈಲ್ಸ ಹಾಕಿದ ಲಾಡ್ಜಿನ್ಯಾಗ ತಗಣಿ? ನಿಮ್ಮ ಮನ್ಯಾನ್ವ ಇರ್ಬೇಕ ತಗೋ. ಮೊದ್ಲ ಮನಿ ಸ್ವಚ್ಛ ಮಾಡ್ಕೋ, ಆಮ್ಯಾಲ ಬಾ."

ಟೈಲ್ಸಿನ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ದೊಡ್ಡದು. ವಾರದೊಳಗೆ ಉಳಿದ ಮನೆಗಳೂ ಬಾಗಿಲು ಹಾಕಿದವು. ತಿಗಣೆ ಲಾಡ್ಜಿನದೆಂದು ಯಾರಾದರೂ ಬರೆದುಕೊಡದ ಹೊರತು ರಂಜಾನಬಿಗೆ ಇನ್ನು ಕೆಲಸವಿಲ್ಲ.

ಹುನಗುಂದದ ಮೇಲಿನ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗಿ ಅವಳು ಅನುರಾಧಾ ಎಂಬ ವಕೀಲೆಯನ್ನು ಕಂಡಳು. ಕೋಣೆಯ ಬಾಡಿಗೆ ಸಂಘ ಕೊಟ್ಟಿದ್ದರೂ ಮಲಗಿದವಳೂ ಗ್ರಾಹಕಳೇ, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ವಕೀಲರಿಲ್ಲದೆ ತಾನೇ ವಾದಿಸಲೂಬಹುದು ಎಂದು ಅನುರಾಧಾ ವಿವರಿಸಿದಳು. ಈ ಕೊನೆಯ ಮಾತನ್ನು ಒಬ್ಬ ವಕೀಲೆ ಹೇಳಿದ್ದು ದಾಖಲಾಗತಕ್ಕದ್ದು. ಆಮೇಲೆ ಸಾಕ್ಷ್ಯ ಕೇಳಿದಳು.

"ಎಲ್ಲಾ ಕೊಂದ ಬಂದೇನ್ರಿ," ಎಂದಳು ರಂಜಾನಬಿ.

"ಒಂದರೆ ಉಳಸಬೇಕಿಲ್ಲೇನ್ರಿ ಚಾಚಿ?"

"ತಗಣಿ ಉಳಸೂದು ಯಾವ ಮನ್ಯಾಗ ಕಲಸ್ತಾರ್ರಿ ಬಾಯಾರ?"

ಪರಿಹಾರ ಎಷ್ಟು ಕೇಳೋಣ ಎಂದರೆ ರೊಕ್ಕ ಬೇಡ, ತಿಗಣೆ ಎಲ್ಲಿಯವೆಂದು ಕಾಗದ ಬೇಕು ಎಂದಳು. ಅನುರಾಧಾ ಬರಿಗೈಯಲ್ಲೇ ಲಾಡ್ಜಿಗೆ ನೋಟಿಸು ಕಳಿಸಿದಳು.

ಲಾಡ್ಜಿನ ಮಾಲೀಕರು ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದರು. ಆದರೆ ಸ್ವಚ್ಛತೆಯ ಅಭಿಮಾನ ಬಿಡಲಿಲ್ಲ. ಮುದ್ರೆ ಒತ್ತಿ ಎರಡು ಪುಟ ಉತ್ತರ ಬರೆದರು. ನಮ್ಮಲ್ಲಿ ತಿಗಣೆಯೇ ಇಲ್ಲ, ಸದರಿ ಮಹಿಳೆ ತಂಗಿದ್ದ ಕೋಣೆಯಲ್ಲಂತೂ ಅಂದೇ ಗಾದಿಯನ್ನು ಬಿಸಿಲಿಗೆ ಹಾಕಿ, ಮಂಚದ ಸಂದಿನಲ್ಲಿದ್ದ ತಿಗಣೆಗಳನ್ನು ಕುದಿಯುವ ನೀರಿನಿಂದ ನಿರ್ಮೂಲ ಮಾಡಲಾಗಿದೆ, ಫೋಟೋ ಲಗತ್ತಿಸಿದೆ. ರಂಜಾನಬಿಯ ಶ್ರಮವನ್ನು ಲಾಡ್ಜು ತನ್ನ ಹೆಸರಿಗೆ ಬರೆದುಕೊಂಡಿತ್ತು, ತಿಗಣೆಗಳ ಸಮೇತ.

ಈಗ ದೂರು ಗಟ್ಟಿಯಾಗಿ ನಿಲ್ಲುತ್ತದೆ, ದಾಖಲಿಸೋಣ ಎಂದಳು ಅನುರಾಧಾ. ದೂರು ಬೇಡ, ತನ್ನ ಕೆಲಸ ಆಯಿತು ಎಂದು ರಂಜಾನಬಿ ಕಾಗದ ಇಸಿದುಕೊಂಡು ನೆಟ್ಟಗೆ ಸುಂದರವ್ವನ ಮನೆಗೆ ಹೋದಳು. ಸುಂದರವ್ವ ಕಟ್ಟೆಯ ಮೇಲೆ ನಿಂತು ಎರಡೂ ಪುಟ ಓದಿದಳು, ಮುದ್ರೆಯ ಮೇಲೆ ಬೆರಳಾಡಿಸಿದಳು. ಕೊನೆಗೆ ಬಾಗಿಲು ಬಿಟ್ಟು ಸರಿದಳು.

"ಒಳಗ ಬಾ. ಈ ಕಾಗದ ಮಾತ್ರ ಹೊರಗ ಇರ್ಲಿ. ಲಾಡ್ಜಿನಿಂದ ಬಂದೈತಿ."

ರಂಜಾನಬಿಗೂ ಅದು ಸರಿಯೆನಿಸಿತು. ಕಾಗದವನ್ನು ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ ಒಳಗೆ ಹೋದಳು.